ವರ್ಷಗಟ್ಟಲೆ ನಿಲ್ಲುವ ಗಾಡಿಗೆ ಯಾವ ರಕ್ಷಣೆ? ಕವರ್, ಗಾಳಿಗುಡಾರ, ಮುಚ್ಚಿದ ಚೀಲ, ಡಿಹ್ಯುಮಿಡಿಫೈಯರ್: ಒಂದು ಹೋಲಿಕೆ

ಗಾಡಿಯನ್ನು ಎರಡು ತಿಂಗಳು ನಿಲ್ಲಿಸುವುದು ಬೇರೆ, ಐದು ವರ್ಷ ನಿಲ್ಲಿಸುವುದು ಬೇರೆ. ಎರಡು ತಿಂಗಳಾದರೆ ಚೆನ್ನಾಗಿ ತೊಳೆದು, ಒಣಗಿಸಿ, ಬ್ಯಾಟರಿ ವೈರ್ ಬಿಚ್ಚಿ, ಮೇಲೊಂದು ಕವರ್ ಹಾಕಿದರೆ ಸಾಕು. ದೂರದ ಕೆಲಸಕ್ಕೆ ವರ್ಷಗಟ್ಟಲೆ ಹೊರಟವರು, ಅಪ್ಪನ ಹಳೇ ಕಾರನ್ನು ಮಾರಲು ಮನಸ್ಸಿಲ್ಲದವರು, ರಿಸ್ಟೋರ್ ಮಾಡಿಸಲು ದುಡ್ಡು ಕೂಡಿಡುತ್ತಿರುವವರು ಬೇರೆ ಲೆಕ್ಕವನ್ನೇ ಹಾಕಬೇಕು. ಅಂಥವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಬಟ್ಟೆ ಕವರ್ ಸಾಕೇ? ಫ್ಯಾನ್ ಇರುವ ಗಾಳಿಗುಡಾರ ತರಬೇಕೇ? ಗಾಳಿಯಾಡದ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಇಟ್ಟು ಮುಚ್ಚಬೇಕೇ? ಇಲ್ಲಾ ಇಡೀ ಕೋಣೆಗೇ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಯಂತ್ರ, ಹಾಕಬೇಕೇ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮುಚ್ಚುವುದಾದರೆ ಪೂರ್ತಿ ಮುಚ್ಚಿ, ಬಿಡುವುದಾದರೆ ಪೂರ್ತಿ ಗಾಳಿಗೆ ಬಿಡಿ. ಗಾಡಿ ಕೆಡುವುದು ಈ ಎರಡರ ನಡುವಿನ ಅರ್ಧಂಬರ್ಧ ವ್ಯವಸ್ಥೆಯಲ್ಲಿ. ತೇವ ಒಳಗೆ ಬರಲು ದಾರಿ ಇರುತ್ತದೆ, ಹೊರಗೆ ಹೋಗಲು ಇರುವುದಿಲ್ಲ. ಎರಡರಲ್ಲಿ ನಿಮಗೆ ಯಾವುದು ಸಾಧ್ಯ ಅನ್ನುವುದನ್ನು ತೀರ್ಮಾನಿಸುವುದು ನಿಮ್ಮ ಬಜೆಟ್ ಒಂದೇ ಅಲ್ಲ. ಜಾಗ, ಕರೆಂಟು, ಆಗಾಗ ಬಂದು ನೋಡುವ ಒಬ್ಬ ಮನುಷ್ಯ, ಇವೂ ಸೇರುತ್ತವೆ.

ಹೋಲಿಸುವ ಮೊದಲು ಅಳೆಯಬೇಕಾದದ್ದು

ತುಕ್ಕು ಹಿಡಿಯಲು ನೀರು ಬೀಳಲೇಬೇಕೆಂದಿಲ್ಲ, ಗಾಳಿಯಲ್ಲಿರುವ ತೇವವೇ ಸಾಕು. ಗಾಳಿಯ ಸಾಪೇಕ್ಷ ತೇವಾಂಶ (ಆ ತಾಪಮಾನದಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಇದೆ ಅನ್ನುವುದು) ಸುಮಾರು ಶೇ. 60 ದಾಟಿದ ಮೇಲೆ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ದಪ್ಪವಾಗುತ್ತಾ ಹೋಗುತ್ತದೆ. ತುಕ್ಕಿನ ವೇಗ ಜೋರಾಗಿ ಏರುವುದು ಅಲ್ಲಿಂದಲೇ. ಶೇ. 50ರ ಕೆಳಗೆ ಅದೇ ಉಕ್ಕು ವರ್ಷಗಟ್ಟಲೆ ಹೆಚ್ಚು ಕೆಡದೆ ಇರುತ್ತದೆ. ಹಾಗಂತ ಶೇ. 20ಕ್ಕೆ ಇಳಿಸುವುದೂ ಜಾಣತನ ಅಲ್ಲ. ಚರ್ಮದ ಸೀಟು, ಮರದ ಭಾಗ, ಹಳೇ ಗಾಡಿಯ ಕಾರ್ಕ್ ಗ್ಯಾಸ್ಕೆಟ್ ಒಣಗಿ ಬಿರುಕು ಬಿಡುತ್ತವೆ. 40ರಿಂದ 50ರ ನಡುವೆ ಗುರಿ ಇಟ್ಟುಕೊಳ್ಳಿ.

ಉಪ್ಪು ಈ ಲೆಕ್ಕವನ್ನೇ ಕೆಡಿಸುತ್ತದೆ. ಸಾದಾ ಉಪ್ಪು ಸುಮಾರು ಶೇ. 75 ತೇವಾಂಶದಲ್ಲಿ ಗಾಳಿಯ ನೀರನ್ನು ಎಳೆದುಕೊಂಡು ತಾನೇ ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಹಿಮ ಬೀಳುವ ಕಡೆ ರಸ್ತೆಗೆ ಹಾಕುವುದರಲ್ಲೂ ಅದು ಇರುವುದುಂಟು. ಅದಂತೂ ಶೇ. 33ರ ಆಸುಪಾಸಿನಲ್ಲೇ ಕರಗುತ್ತದೆ. ಅಂದರೆ ಅಡಿಭಾಗದಲ್ಲಿ ಉಪ್ಪು ಉಳಿದಿರುವ ಗಾಡಿಗೆ ನೀವು ಕಷ್ಟಪಟ್ಟು ಕಾಪಾಡಿದ ಶೇ. 45 ಕೂಡ ಒಣ ಹವೆ ಅಲ್ಲ. ಯಾವ ವಿಧಾನ ಆರಿಸಿದರೂ ಮೊದಲ ಕೆಲಸ ಒಂದೇ. ಅಡಿಭಾಗ, ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ನೀರಿಳಿಯುವ ತೂತುಗಳನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಆಮೇಲೆ ಗಾಡಿಯನ್ನು ದೂರ ಓಡಿಸಿ, ಬಾಗಿಲು, ಡಿಕ್ಕಿ, ಬಾನೆಟ್ ತೆರೆದಿಟ್ಟು ಒಣ ದಿನಗಳಲ್ಲಿ ಪೂರ್ತಿ ಒಣಗಿಸಬೇಕು. ಫ್ಲೋರ್ ಮ್ಯಾಟಿನ ಕೆಳಗಿನ ಸ್ಪಂಜನ್ನು ಕೈಯಿಂದ ಒತ್ತಿ ನೋಡಿ. ಮೇಲೆ ಒಣಗಿದಂತಿದ್ದು ಕೆಳಗೆ ನೀರು ಕುಡಿದಿರುವುದು ಅದೇ.

ಎರಡನೆಯದು ತಾಪಮಾನದ ಏರಿಳಿತ. ಗಾಳಿ 30 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 70 ಇದ್ದರೆ ಸುಮಾರು 24 ಡಿಗ್ರಿಗಿಂತ ತಣ್ಣಗಿರುವ ಯಾವ ಲೋಹವೂ ಬೆವರುತ್ತದೆ, ತಣ್ಣೀರಿನ ಲೋಟದ ಹೊರಮೈ ಬೆವರುವ ಹಾಗೆ. ಎಂಜಿನ್ ಬ್ಲಾಕ್, ಗೇರ್‌ಬಾಕ್ಸ್, ಬ್ರೇಕ್ ಡಿಸ್ಕ್ ಭಾರದ ಲೋಹಗಳು. ರಾತ್ರಿಯ ತಂಪನ್ನು ಮಧ್ಯಾಹ್ನದವರೆಗೂ ಹಿಡಿದಿಡುತ್ತವೆ. ಬೆಳಿಗ್ಗೆ ಬಿಸಿಯಾದ ತೇವದ ಗಾಳಿ ಶೆಡ್ಡಿಗೆ ನುಗ್ಗಿದಾಗ ಮೊದಲು ಒದ್ದೆಯಾಗುವುದು ಅವೇ. ತಗಡಿನ ಶೆಡ್ಡಿನಲ್ಲಿ ಇದು ಜಾಸ್ತಿ, ದಪ್ಪ ಗೋಡೆಯ ಕೋಣೆಯಲ್ಲಿ ಕಡಿಮೆ.

ಮೂರನೆಯದು ನೆಲ. ಮಣ್ಣಿನ ನೆಲ, ಹುಲ್ಲು, ಇವುಗಳ ಮೇಲೆ ನಿಲ್ಲಿಸಿದ ಗಾಡಿಗೆ ಕೆಳಗಿನಿಂದ ದಿನವಿಡೀ ಹಬೆ ಏರುತ್ತದೆ. ಕಾಂಕ್ರೀಟ್ ನೆಲವನ್ನೂ ಸುಮ್ನೆ ನಂಬಬೇಡಿ. ಅರ್ಧ ಮೀಟರ್ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಎತ್ತಿದಾಗ ಹಾಳೆಯ ಕೆಳಗೆ ಹನಿ ಕಂಡರೆ, ಇಲ್ಲವೇ ಕಾಂಕ್ರೀಟ್ ಕಪ್ಪಾಗಿದ್ದರೆ, ನೆಲ ತೇವ ಬಿಡುತ್ತಿದೆ ಅಂತಲೇ ಅರ್ಥ. ಹೊಸ ಕಾಂಕ್ರೀಟ್ ತಿಂಗಳುಗಟ್ಟಲೆ ಹೀಗೆ ನೀರು ಬಿಡುತ್ತದೆ.

ಇದನ್ನೆಲ್ಲ ಊಹೆಯಿಂದ ನಿರ್ಧರಿಸಬಾರದು. ಗರಿಷ್ಠ, ಕನಿಷ್ಠ ನೆನಪಿಡುವ ಸಣ್ಣ ಡಿಜಿಟಲ್ ತೇವಮಾಪಕವನ್ನು ಗಾಡಿ ನಿಲ್ಲಿಸುವ ಜಾಗದಲ್ಲಿ ಕೆಲವು ವಾರ ಇಟ್ಟು ನೋಡಿ. ಸಾಧ್ಯವಾದರೆ ಮಳೆಗಾಲದಲ್ಲೇ ನೋಡಿ. ಅಗ್ಗದ ಮಾಪಕ ಸರಿಯಿದೆಯಾ ಅಂತ ತಿಳಿಯುವುದೂ ಸುಲಭ. ಒಂದು ಮುಚ್ಚಳದಲ್ಲಿ ಉಪ್ಪಿಗೆ ಸ್ವಲ್ಪವೇ ನೀರು ಹಾಕಿ ಕೆಸರಿನಂತೆ ಮಾಡಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಿ. ಅದು 75 ತೋರಿಸಬೇಕು. 70 ತೋರಿಸಿದರೆ ಆಮೇಲಿನ ಓದುಗಳಿಗೆಲ್ಲ 5 ಸೇರಿಸಿಕೊಂಡರಾಯಿತು.

ಉಳಿದ ಪ್ರಶ್ನೆಗಳಿಗೆ ಮಾಪಕ ಬೇಕಿಲ್ಲ. ಕರೆಂಟು ಇದೆಯೇ, ಹೋಗಿ ಬರುತ್ತಾ ಇರುತ್ತದೆಯೇ? ತಿಂಗಳಿಗೊಮ್ಮೆ ಯಾರಾದರೂ ಬಂದು ನೋಡುತ್ತಾರೆಯೇ, ಇಲ್ಲಾ ವರ್ಷಕ್ಕೊಮ್ಮೆಯೇ? ನಡುವೆ ಗಾಡಿ ಹೊರಗೆ ತೆಗೆಯುವ ಆಸೆ ಇದೆಯೇ? ಈ ಕೊನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿ. ಚೀಲದೊಳಗೆ ಮುಚ್ಚಿದ ಗಾಡಿಯನ್ನು ಆಗಾಗ ತೆರೆದು ನೋಡುವ ಚಟ ಇದ್ದರೆ ಚೀಲ ತಂದದ್ದೇ ದಂಡ.

ಟಾರ್ಪಾಲ್ ಮತ್ತು ಬಟ್ಟೆ ಕವರ್

ಪ್ಲಾಸ್ಟಿಕ್ ಟಾರ್ಪಾಲನ್ನು ಗಾಡಿಗೆ ಸುತ್ತಿ ಹಗ್ಗ ಬಿಗಿಯುವುದನ್ನು ಮೊದಲೇ ಪಟ್ಟಿಯಿಂದ ತೆಗೆದುಬಿಡಿ. ಮೇಲಿನ ಮಳೆಯನ್ನು ಅದು ತಡೆಯುತ್ತದೆ ನಿಜ. ಆದರೆ ಕೆಳಗಿನಿಂದ ಏರುವ ಹಬೆ ಅದರ ಒಳಮೈಗೆ ತಗುಲಿ, ಹನಿಯಾಗಿ ಬಣ್ಣದ ಮೇಲೆ ಬೀಳುತ್ತದೆ. ಗಾಳಿಗೆ ಪಟಪಟ ಬಡಿದು ಪಾಲಿಶ್ ತಿನ್ನುವುದು ಬೇರೆ. ಅರ್ಧಂಬರ್ಧ ಅಂದೆನಲ್ಲ, ಅದು ಇದೇ. ಟಾರ್ಪಾಲೇ ಗತಿ ಅನ್ನುವವರು ಅದನ್ನು ಗಾಡಿಗೆ ತಗುಲದಂತೆ ಕಂಬ ನೆಟ್ಟು ಮೇಲೆ ಚಪ್ಪರದಂತೆ ಕಟ್ಟಲಿ, ನಾಲ್ಕೂ ಬದಿ ತೆರೆದಿರಲಿ.

ಉಸಿರಾಡುವ ಬಟ್ಟೆ ಕವರ್ ಅಗ್ಗದ ಆಯ್ಕೆ. ಸೂರಿನ ಕೆಳಗೆ, ಒಣ ಹವೆಯ ಜಾಗದಲ್ಲಿ ಅದು ಒಳ್ಳೆಯ ಆಯ್ಕೆಯೂ ಹೌದು. ಅದು ಧೂಳು ತಡೆಯುತ್ತದೆ. ಧೂಳು ತೇವ ಹಿಡಿದಿಡುವ ವಸ್ತು, ಹಾಗಾಗಿ ತುಕ್ಕಿನ ವಿಷಯದಲ್ಲೂ ಇದರಿಂದ ಸ್ವಲ್ಪ ಲಾಭ ಉಂಟು. ಆದರೆ ಕವರ್ ಒಳಗಿನ ತೇವಾಂಶ ಹೊರಗಿನದಕ್ಕಿಂತ ಕಡಿಮೆ ಆಗುವುದಿಲ್ಲ. ಹೊರಗೆ ಶೇ. 85 ಇದ್ದರೆ ಒಳಗೂ 85. ಮಾಪಕ ವರ್ಷದ ಬಹುಪಾಲು 55ರ ಕೆಳಗಿದ್ದರೆ ಇಲ್ಲೇ ನಿಲ್ಲಬಹುದು. ಇದರ ಮೇಲೆ ಹೆಚ್ಚು ಖರ್ಚು ಮಾಡುವುದು ಸಮಾಧಾನಕ್ಕೆ ಮಾತ್ರ.

ಫ್ಯಾನ್ ಇರುವ ಗಾಳಿಗುಡಾರ

ಇದು ಪಾರದರ್ಶಕ ಪ್ಲಾಸ್ಟಿಕ್ಕಿನ ಗುಡಾರ. ಚೌಕಟ್ಟಿನ ಮೇಲೆ ನಿಲ್ಲುತ್ತದೆ, ಇಲ್ಲವೇ ಗಾಳಿಯಿಂದಲೇ ಉಬ್ಬುತ್ತದೆ. ಸಣ್ಣ ಫ್ಯಾನ್‌ಗಳು ಕೋಣೆಯ ಗಾಳಿಯನ್ನು ಸೋಸಿ ಒಳಗೆ ತಳ್ಳುತ್ತಾ, ಗಾಡಿಯ ಸುತ್ತ ದಿನವಿಡೀ ಓಡಾಡಿಸುತ್ತವೆ. ನೋಡಲು ಚೆಂದ. ಗಾಡಿ ಕಾಣಿಸುತ್ತದೆ, ಜಿಪ್ ತೆರೆದರೆ ಹೊರಗೂ ತೆಗೆಯಬಹುದು, ಕರೆಂಟ್ ಖರ್ಚೂ ಕಡಿಮೆ.

ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ. ಓಡುವ ಗಾಳಿ ಲೋಹವನ್ನು ಸುತ್ತಲಿನ ತಾಪಮಾನಕ್ಕೆ ಬೇಗ ತರುತ್ತದೆ, ಹಾಗಾಗಿ ಬೆವರುವುದು ಕಡಿಮೆಯಾಗುತ್ತದೆ. ಎಲ್ಲೋ ಉಳಿದ ಹನಿಯನ್ನೂ ಆರಿಸುತ್ತದೆ. ಗಾಳಿಯಲ್ಲಿರುವ ತೇವವನ್ನು ಮಾತ್ರ ತೆಗೆಯುವುದಿಲ್ಲ. ಹಗಲು ರಾತ್ರಿಗೆ ತಾಪಮಾನ ಬಹಳ ಬದಲಾಗುವ, ಆದರೆ ಗಾಳಿ ತೀರಾ ತೇವವಲ್ಲದ ಕಡೆ ಇದು ಅದ್ಭುತ. ವರ್ಷಪೂರ್ತಿ ಶೇ. 80 ಇರುವ ಕರಾವಳಿಯಲ್ಲಿ? ಒದ್ದೆ ಗಾಳಿಯನ್ನೇ ಬೀಸಿಕೊಂಡು ಕೂತಂತೆ. ಮಾರುವವರು ಈ ವ್ಯತ್ಯಾಸವನ್ನು ಒತ್ತಿ ಹೇಳುವುದಿಲ್ಲ.

ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಉಬ್ಬುವ ಗುಡಾರವಾದರೆ ಪ್ಲಾಸ್ಟಿಕ್ ಗಾಡಿಯ ಮೇಲೇ ಕುಸಿಯುತ್ತದೆ. ವಾರಗಟ್ಟಲೆ ಯಾರೂ ನೋಡದ ಜಾಗಕ್ಕೆ ಚೌಕಟ್ಟಿನದೇ ಮೇಲು.

ಗಾಳಿಯಾಡದ ಚೀಲ ಮತ್ತು ಸಿಲಿಕಾ ಜೆಲ್

ಬಹಳ ದೀರ್ಘ ಕಾಲಕ್ಕೆ, ಅದೂ ಕರೆಂಟ್ ಇಲ್ಲದ ಕಡೆ, ನನ್ನ ಮೊದಲ ಆಯ್ಕೆ ಇದು. ಕಾರಣ ಒಂದು ಸಣ್ಣ ಲೆಕ್ಕದಲ್ಲಿದೆ. ಮಧ್ಯಮ ಗಾತ್ರದ ಕಾರಿನ ಚೀಲದೊಳಗೆ ಸುಮಾರು 16 ಘನ ಮೀಟರ್ ಜಾಗ ಅಂದುಕೊಳ್ಳಿ. 30 ಡಿಗ್ರಿಯಲ್ಲಿ ಶೇ. 80 ತೇವಾಂಶದ ಗಾಳಿ ಪ್ರತಿ ಘನ ಮೀಟರಿಗೆ ಸುಮಾರು 24 ಗ್ರಾಂ ನೀರು ಹೊತ್ತಿರುತ್ತದೆ. ಶೇ. 45ಕ್ಕೆ ತರಲು ಅದನ್ನು 14 ಗ್ರಾಮಿಗೆ ಇಳಿಸಬೇಕು. ಒಟ್ಟು ತೆಗೆಯಬೇಕಾದದ್ದು 170 ಗ್ರಾಂ ಆಸುಪಾಸು, ಅಷ್ಟೇ! ಆ ತೇವಾಂಶದಲ್ಲಿ ಸಿಲಿಕಾ ಜೆಲ್ ತನ್ನ ತೂಕದ ಐದನೇ ಒಂದು ಭಾಗದಷ್ಟು ನೀರು ಹೀರುತ್ತದೆ, ಅಂದರೆ ಒಂದು ಕಿಲೋಗಿಂತಲೂ ಕಡಿಮೆ ಸಾಕು.

ಇದು ಗಾಳಿಯ ಲೆಕ್ಕ ಮಾತ್ರ. ಸೀಟಿನ ಸ್ಪಂಜು, ಕಾರ್ಪೆಟ್, ಚಾವಣಿಯ ಬಟ್ಟೆ ಇವು ಗಾಳಿಗಿಂತ ಎಷ್ಟೋ ಪಟ್ಟು ನೀರು ಹಿಡಿದಿರುತ್ತವೆ, ಮುಚ್ಚಿದ ಮೇಲೆ ನಿಧಾನವಾಗಿ ಬಿಡುತ್ತವೆ. ಆದ್ದರಿಂದ ನಾಲ್ಕೈದು ಕಿಲೋ ಇಡಿ, ಮೊದಲ ಕೆಲವು ತಿಂಗಳಲ್ಲಿ ಒಂದೆರಡು ಸಲ ಬದಲಿಸಿ. ಆಮೇಲೆ ಕೆಲಸ ಬಹಳ ಕಮ್ಮಿ. ತೇವ ಕುಡಿದ ಜೆಲ್ಲನ್ನು ಓವನ್‌ನಲ್ಲಿ 120 ಡಿಗ್ರಿ ಆಸುಪಾಸಿನಲ್ಲಿ ಕೆಲವು ಗಂಟೆ ಒಣಗಿಸಿ ಮತ್ತೆ ಬಳಸಬಹುದು. ಬಣ್ಣ ಬದಲಿಸುವ ಜೆಲ್ ಕೊಳ್ಳುವುದಾದರೆ ನೀಲಿಯದು ಬೇಡ. ಅದರಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷ. ಕಿತ್ತಳೆ ಬಣ್ಣದ್ದು ಸಿಗುತ್ತದೆ.

ಇಲ್ಲೊಂದು ದೊಡ್ಡ ಎಚ್ಚರಿಕೆ. ಬೀರುವಿನಲ್ಲಿ ಇಡುವ, ಕೆಳಗೆ ನೀರು ತುಂಬಿಕೊಳ್ಳುವ ಡಬ್ಬಿಗಳು ಬರುತ್ತವಲ್ಲ, ಅವುಗಳಲ್ಲಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ಸಿಲಿಕಾ ಜೆಲ್‌ಗಿಂತ ಎಷ್ಟೋ ಜಾಸ್ತಿ ನೀರು ಹೀರುತ್ತದೆ, ಅಗ್ಗವೂ ಹೌದು. ಆದರೆ ಕೊನೆಗೆ ಉಳಿಯುವುದು ಉಪ್ಪುನೀರು. ಆ ಡಬ್ಬಿ ಕಾರಿನೊಳಗೆ ಉರುಳಿದರೆ ತುಕ್ಕಿಗೆ ನೀವೇ ಆಹ್ವಾನ ಕೊಟ್ಟ ಹಾಗೆ. ಗಾಡಿಯ ಒಳಗೆ ಅದನ್ನು ಇಡಲೇಬೇಡಿ.

ಚೀಲದ ವಸ್ತುವೂ ಮುಖ್ಯ. ಸಾದಾ ಪಾಲಿಥೀನ್ ಮೂಲಕ ನೀರಾವಿ ನಿಧಾನವಾಗಿ ತೂರಿ ಬರುತ್ತದೆ, ವರ್ಷಗಳಲ್ಲಿ ಆ ನಿಧಾನವೂ ಲೆಕ್ಕಕ್ಕೆ ಬರುತ್ತದೆ. ಅಲ್ಯೂಮಿನಿಯಂ ಪದರ ಇರುವ ಚೀಲ ತೇವವನ್ನು ಬಹುತೇಕ ಪೂರ್ತಿ ತಡೆಯುತ್ತದೆ, ಆದರೆ ಬೆಲೆ ಹೆಚ್ಚು, ಒಳಗಿನ ಗಾಡಿಯೂ ಕಾಣುವುದಿಲ್ಲ. ಎರಡು ವರ್ಷಕ್ಕೆ ದಪ್ಪ ಪಾಲಿಥೀನ್ ಸಾಕು. ಅದಕ್ಕೂ ಹೆಚ್ಚಾದರೆ ಲೋಹದ ಪದರದ್ದೇ ತೆಗೆದುಕೊಳ್ಳಿ. ಬಿಸಿಲು ಬೀಳುವ ಕಡೆ ಯಾವ ಪ್ಲಾಸ್ಟಿಕ್ ಚೀಲವೂ ಬಾಳುವುದಿಲ್ಲ. ತೇವ ತೋರಿಸುವ ಕಾಗದದ ಕಾರ್ಡನ್ನು ಕಿಟಕಿಯಂಥ ಜಾಗದಲ್ಲಿ, ಇಲ್ಲವೇ ನಿಸ್ತಂತು ಮಾಪಕವನ್ನು ಒಳಗೆ ಇಟ್ಟರೆ ಚೀಲ ತೆರೆಯದೆ ಓದಬಹುದು. ಲೋಹದ ಪದರ ಸಂಕೇತವನ್ನು ತಡೆಯುವುದರಿಂದ ಅಂಥ ಚೀಲಕ್ಕೆ ಕಾರ್ಡೇ ಸರಿ.

ಚೀಲದ ಶತ್ರುಗಳು ಇಬ್ಬರು. ಒಬ್ಬ ಇಲಿ. ಒಂದು ಸಣ್ಣ ತೂತು ಸಾಕು, ಜೆಲ್ ವಾರಗಳಲ್ಲಿ ತುಂಬಿಹೋಗುತ್ತದೆ. ಆಮೇಲೆ ಅದೇ ಚೀಲ ತೇವವನ್ನು ಹೊರಗೆ ಬಿಡದ ಗೂಡಾಗುತ್ತದೆ. ಇನ್ನೊಬ್ಬ ನೀವೇ, ಅವಸರದಲ್ಲಿ ಒದ್ದೆ ಗಾಡಿಯನ್ನು ಮುಚ್ಚಿದರೆ. ಒಣ ಹವೆಯ ದಿನ, ಬಿಸಿಲಿನಲ್ಲಿ ನಿಂತು ಮೈ ಬೆಚ್ಚಗಾದ ಗಾಡಿಯನ್ನೇ ಮುಚ್ಚಬೇಕು. ಮುಚ್ಚುವ ಮೊದಲು ಪೆಟ್ರೋಲ್ ಖಾಲಿ ಮಾಡಿ, ಬ್ಯಾಟರಿ ಹೊರಗೆ ತೆಗೆಯಿರಿ. ಮುಚ್ಚಿದ ಜಾಗದಲ್ಲಿ ಪೆಟ್ರೋಲ್ ಆವಿಯೂ, ಬ್ಯಾಟರಿ ಬಿಡುವ ಹೈಡ್ರೋಜನ್ನೂ ಬೆಂಕಿಯ ಅಪಾಯ.

ಮುಚ್ಚುವುದು ಅಂದರೆ ನೀರು ಹೊಗದಂತೆ ಮುಚ್ಚುವುದು ಅಂತ ನೆನಪಿಡಲು ಅಮೆರಿಕದ ಟಲ್ಸಾ ನಗರದ ಕಥೆ ಸಾಕು. 1957ರಲ್ಲಿ ಅಲ್ಲಿ ಒಂದು ಹೊಚ್ಚಹೊಸ ಪ್ಲಿಮತ್ ಬೆಲ್ವೆಡೀರ್ ಕಾರನ್ನು ತುಕ್ಕುನಿರೋಧಕ ಹಚ್ಚಿ, ಪ್ಲಾಸ್ಟಿಕ್ ಸುತ್ತಿ, ನೆಲದೊಳಗಿನ ಕಾಂಕ್ರೀಟ್ ಗೂಡಿನಲ್ಲಿ ಹೂತರು. 50 ವರ್ಷ ಕಳೆದು 2007ರಲ್ಲಿ ತೆರೆದಾಗ ಗೂಡಿಗೆ ನೀರು ನುಗ್ಗಿತ್ತು, ಕಾರು ತುಕ್ಕಿನ ಮುದ್ದೆಯಾಗಿತ್ತು. ನೀರಿಗೆ ಒಳದಾರಿ ಸಿಕ್ಕಿತ್ತು, ಹೊರದಾರಿ ಇರಲಿಲ್ಲ.

ಕೋಣೆಗೇ ಡಿಹ್ಯುಮಿಡಿಫೈಯರ್

ಎರಡು ಮೂರು ಗಾಡಿ ಇದ್ದು, ಕರೆಂಟ್ ನಂಬಿಕಸ್ತವಾಗಿದ್ದು, ಆಗಾಗ ಗಾಡಿಯ ಹತ್ತಿರ ಹೋಗಿ ಕೆಲಸ ಮಾಡುವ ಆಸೆಯೂ ಇದ್ದರೆ ಇದಕ್ಕಿಂತ ಸುಖ ಇನ್ನೊಂದಿಲ್ಲ. ಗಾಡಿ ಮಾತ್ರ ಅಲ್ಲ, ಟೂಲು, ಬಿಡಿಭಾಗ, ಸೀಟು ಎಲ್ಲಕ್ಕೂ ರಕ್ಷಣೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ನೌಕಾಪಡೆ ಕೆಲಸವಿಲ್ಲದ ಹಡಗುಗಳನ್ನು ಉಳಿಸಿಕೊಂಡದ್ದೂ ಹೀಗೆಯೇ. ಒಳಭಾಗವನ್ನು ಮುಚ್ಚಿ, ಗಾಳಿ ಒಣಗಿಸುವ ಯಂತ್ರಗಳನ್ನು ಹಾಕಿ.

ಆದರೆ ಅದೇ ಲೆಕ್ಕವನ್ನು ಕೋಣೆಗೆ ಹಾಕಿ ನೋಡಿ. 6 ಮೀಟರ್ ಉದ್ದ, 3 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಗ್ಯಾರೇಜಿನಲ್ಲಿ 45 ಘನ ಮೀಟರ್ ಗಾಳಿ. ಅದನ್ನು ಶೇ. 80ರಿಂದ 45ಕ್ಕೆ ಇಳಿಸಲು ಅರ್ಧ ಲೀಟರಿನಷ್ಟು ನೀರು ತೆಗೆದರೆ ಸಾಕು. ಒಂದು ಸಲ ತೆಗೆದರೆ ಮುಗಿಯಿತಾ? ಬಾಗಿಲ ಸಂದು, ಹೆಂಚಿನ ಸಂದು, ಕಿಂಡಿಗಳ ಮೂಲಕ ಗಂಟೆಗೊಮ್ಮೆ ಕೋಣೆಯ ಗಾಳಿ ಪೂರ್ತಿ ಬದಲಾದರೆ, ಆ ಅರ್ಧ ಲೀಟರನ್ನು ಪ್ರತಿ ಗಂಟೆಯೂ ತೆಗೆಯಬೇಕು, ದಿನಕ್ಕೆ 11 ಲೀಟರಿಗೂ ಹೆಚ್ಚು. ಯಂತ್ರ ನಿಮ್ಮ ಊರನ್ನೇ ಒಣಗಿಸಲು ಹೊರಟಿರುತ್ತದೆ. ಹಾಗಾಗಿ ದೊಡ್ಡ ಯಂತ್ರಕ್ಕೆ ಕೊಡುವ ದುಡ್ಡಿನ ಒಂದು ಪಾಲನ್ನು ಮೊದಲು ಬಾಗಿಲಿನ ರಬ್ಬರ್ ಪಟ್ಟಿ, ಸಂದು ತುಂಬುವುದು, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸುವುದು ಇವುಗಳ ಮೇಲೆ ಹಾಕಿ. ಸಂದು ತುಂಬಲು ಹುಳಿ ವಾಸನೆಯ ಸಿಲಿಕೋನ್ ಬೇಡ. ಅದು ಒಣಗುವಾಗ ಲೋಹ ತಿನ್ನುವ ಅಸಿಟಿಕ್ ಆಮ್ಲ ಬಿಡುತ್ತದೆ. ಬ್ಲೀಚಿಂಗ್ ಪೌಡರ್, ಆಸಿಡ್, ಗೊಬ್ಬರದ ಚೀಲಗಳನ್ನೂ ಆ ಕೋಣೆಯಿಂದ ಹೊರಹಾಕಿ.

ಯಂತ್ರದಲ್ಲಿ ಎರಡು ಬಗೆ. ಕಂಪ್ರೆಸರ್ ಇರುವುದು ಬೆಚ್ಚಗಿನ ಕೋಣೆಗೆ ಸರಿ, ಕಡಿಮೆ ಕರೆಂಟಿನಲ್ಲಿ ಹೆಚ್ಚು ನೀರು ತೆಗೆಯುತ್ತದೆ. 15 ಡಿಗ್ರಿಗಿಂತ ಕೆಳಗೆ ಹೋದಂತೆ ಅದರ ಕಾಯಿಲ್ ಮೇಲೆ ಮಂಜು ಕಟ್ಟಿ ಕೆಲಸ ಕುಂಟುತ್ತದೆ. ತಣ್ಣನೆಯ ಪ್ರದೇಶಕ್ಕೆ ತಿರುಗುವ ಡೆಸಿಕೆಂಟ್ (ತೇವ ಹೀರುವ ವಸ್ತುವಿನ) ಚಕ್ರ ಇರುವುದು ಬೇಕು. ಅದು ಚಳಿಯಲ್ಲೂ ಕೆಲಸ ಮಾಡುತ್ತದೆ, ಆದರೆ ಕರೆಂಟ್ ಹೆಚ್ಚು ತಿನ್ನುತ್ತದೆ, ಕೋಣೆಯನ್ನೂ ಬಿಸಿ ಮಾಡುತ್ತದೆ.

ಕೊಳ್ಳುವಾಗ ಎರಡು ಪ್ರಶ್ನೆ ಮರೆಯದೆ ಕೇಳಿ. ನೀರನ್ನು ಪೈಪಿನ ಮೂಲಕ ನೇರ ಹೊರಗೆ ಬಿಡಬಹುದೇ? ಬಕೆಟ್ ಮಾತ್ರ ಇದ್ದರೆ, ಅದು ತುಂಬಿದ ದಿನ ಯಂತ್ರ ನಿಲ್ಲುತ್ತದೆ. ಕರೆಂಟ್ ಹೋಗಿ ಬಂದಾಗ ತಾನೇ ಮತ್ತೆ ಶುರುವಾಗುತ್ತದೆಯೇ? ಒತ್ತುವ ಗುಂಡಿಯ ಕೆಲವು ಮಾದರಿಗಳು ಶುರುವಾಗುವುದಿಲ್ಲ. ನೀವು ದೂರದ ಊರಿನಲ್ಲಿ ನೆಮ್ಮದಿಯಾಗಿರುತ್ತೀರಿ, ಯಂತ್ರ ಆರು ತಿಂಗಳಿಂದ ನಿದ್ದೆ ಮಾಡುತ್ತಿರುತ್ತದೆ.

ಹೀಟರ್ ಹಾಕಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಚಳಿ ಪ್ರದೇಶದಲ್ಲಿ ಆಗುತ್ತದೆ. 20 ಡಿಗ್ರಿಯ ಶೇ. 80 ಗಾಳಿಯನ್ನು 25 ಡಿಗ್ರಿಗೆ ಏರಿಸಿದರೆ ತೇವಾಂಶ ಶೇ. 60ಕ್ಕೆ ಇಳಿಯುತ್ತದೆ. ಆದರೆ ವರ್ಷಗಟ್ಟಲೆ ಕೋಣೆ ಕಾಯಿಸುವ ಖರ್ಚು ದೊಡ್ಡದು. ಗ್ಯಾಸ್ ಅಥವಾ ಸೀಮೆಎಣ್ಣೆ ಹೀಟರ್ ಅಂತೂ ಬೇಡವೇ ಬೇಡ, ಉರಿಯುವಾಗ ಅವೇ ನೀರಾವಿ ಬಿಡುತ್ತವೆ.

ಮೈಗೆ ಹಚ್ಚುವುದು

ಮೇಣ, ಲ್ಯಾನೋಲಿನ್ (ಕುರಿಯ ಉಣ್ಣೆಯ ಜಿಡ್ಡು), ಎಣ್ಣೆ ಇವು ಮೇಲಿನ ನಾಲ್ಕಕ್ಕೆ ಬದಲಿ ಅಲ್ಲ, ಜೊತೆಗಾರರು. ಆದರೆ ದುಡ್ಡು ಒಂದಕ್ಕೇ ಇದೆ ಅನ್ನುವವರಿಗೆ ಕವರ್‌ಗಿಂತ ಮೊದಲು ಇದನ್ನೇ ಹೇಳುತ್ತೇನೆ. ಬಾಗಿಲ ಒಳಗು, ಚಾಸಿಯ ಪೊಳ್ಳು, ಬೆಸುಗೆಯ ಸಂದು, ಇಲ್ಲೆಲ್ಲ ಉದ್ದ ಕೊಳವೆಯಿಂದ ಸಿಂಪಡಿಸುವ ಮೇಣ ವರ್ಷಗಟ್ಟಲೆ ಉಳಿಯುತ್ತದೆ. ಎಣ್ಣೆ ಸಂದಿನೊಳಗೆ ಇನ್ನೂ ಚೆನ್ನಾಗಿ ಇಳಿಯುತ್ತದೆ, ಆದರೆ ಹರಿದು ಹೋಗುವುದರಿಂದ ಮತ್ತೆ ಮತ್ತೆ ಹಚ್ಚಬೇಕು. ಲ್ಯಾನೋಲಿನ್ ಎರಡರ ನಡುವಿನದು: ಮೆತ್ತಗೇ ಉಳಿಯುತ್ತದೆ, ಬಿರುಕು ಬಿಡುವುದಿಲ್ಲ, ಧೂಳು ಮಾತ್ರ ಅಂಟುತ್ತದೆ. ಅಡಿಭಾಗಕ್ಕೆ ಬಳಿಯುವ ಗಟ್ಟಿ ರಬ್ಬರ್ ಲೇಪ ನನಗೆ ಇಷ್ಟವಿಲ್ಲ. ಹಳತಾಗಿ ಬಿರುಕು ಬಿಟ್ಟಾಗ ನೀರು ಒಳಗೆ ಸೇರಿ, ಮೇಲಿನಿಂದ ಕಾಣದಂತೆ ತುಕ್ಕು ಬೆಳೆಯುತ್ತದೆ. ನೀರಿಳಿಯುವ ತೂತುಗಳನ್ನು ಮೇಣದಿಂದ ಮುಚ್ಚಿಬಿಡಬೇಡಿ, ಬ್ರೇಕ್ ಡಿಸ್ಕ್ ಮತ್ತು ಪ್ಯಾಡಿಗೆ ಏನೂ ತಾಗದಿರಲಿ.

ವಿಸಿಐ ಅನ್ನುವ, ಆವಿಯಾಗಿ ಹರಡಿ ಲೋಹದ ಮೈಗೆ ಕಾಣದ ಪದರ ಕಟ್ಟುವ ರಾಸಾಯನಿಕ ಬರುತ್ತದೆ. ಕಾಗದ, ಪಟ್ಟಿ, ಎಣ್ಣೆ, ಹಲವು ರೂಪದಲ್ಲಿ ಸಿಗುತ್ತದೆ. ಮುಚ್ಚಿದ ಜಾಗದಲ್ಲಿ ಮಾತ್ರ ಇದಕ್ಕೆ ಬೆಲೆ. ಚೀಲದೊಳಗೆ, ಟೂಲ್ ಪೆಟ್ಟಿಗೆಯೊಳಗೆ, ಖಾಲಿ ಟ್ಯಾಂಕಿನೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ. ತೆರೆದ ಶೆಡ್ಡಿನಲ್ಲಿ ಇಟ್ಟರೆ ಗಾಳಿಗೆ ಹೋಯಿತು. ತಾಮ್ರ, ಹಿತ್ತಾಳೆಗೂ ಹೊಂದುವ ಬಗೆಯದನ್ನೇ ಕೇಳಿ ತನ್ನಿ.

ಯಾವುದನ್ನು ಆರಿಸಿದರೂ ತಪ್ಪದ ಕೆಲಸ

ತಿಂಗಳಿಗೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡಿ ಅನ್ನುವ ಸಲಹೆ ಎಲ್ಲರ ಬಾಯಲ್ಲೂ ಇದೆ. ದೀರ್ಘ ಕಾಲ ನಿಲ್ಲುವ ಗಾಡಿಗೆ ಇದು ಕೆಟ್ಟ ಸಲಹೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಪೂರ್ತಿ ಬಿಸಿಯಾಗದ ಎಂಜಿನ್ನಿನಲ್ಲಿ ಅದರ ಒಂದು ಪಾಲು ಸೈಲೆನ್ಸರ್ ಒಳಗೆ, ಎಂಜಿನ್ ಆಯಿಲ್ ಒಳಗೆ ಉಳಿಯುತ್ತದೆ. ಓಡಿಸುವುದಾದರೆ ಅರ್ಧ ಗಂಟೆಗೂ ಹೆಚ್ಚು ರಸ್ತೆಯಲ್ಲಿ ಓಡಿಸಿ, ಇಲ್ಲದಿದ್ದರೆ ಮುಟ್ಟಬೇಡಿ.

ನಿಲ್ಲಿಸುವ ಮೊದಲೇ ಎಂಜಿನ್ ಆಯಿಲ್ ಬದಲಿಸಿ. ಬಳಸಿದ ಆಯಿಲಿನಲ್ಲಿ ಆಮ್ಲ, ತೇವ ಎರಡೂ ಇರುತ್ತವೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಸ್ವಲ್ಪ ಫಾಗಿಂಗ್ ಆಯಿಲ್ (ತುಕ್ಕು ತಡೆಯುವ ಎಣ್ಣೆ) ಸಿಂಪಡಿಸಿ, ಕೈಯಿಂದ ಎಂಜಿನ್ ತಿರುಗಿಸಿದರೆ ಸಿಲಿಂಡರಿನ ಒಳಗೋಡೆಗೆ ಪದರ ಕೂರುತ್ತದೆ. ಕೂಲೆಂಟ್ ಖಾಲಿ ಮಾಡಬೇಡಿ. ಹೊಸದನ್ನು ತುಂಬಿ ಬಿಡಿ. ಖಾಲಿ ಬಿಟ್ಟ ನೀರಿನ ದಾರಿಗಳಿಗೆ ಗಾಳಿ, ತೇವ ಎರಡೂ ಸಿಗುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಜಾತಿಯದು. ಹೊಸದು ಹಾಕಿ ನಿಲ್ಲಿಸಿ, ಎರಡು ವರ್ಷ ಮೀರಿ ನಿಂತರೆ ಎಬ್ಬಿಸುವಾಗ ಮತ್ತೆ ಬದಲಿಸಿ. ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಚಕ್ರಕ್ಕೆ ಕಟ್ಟಿಗೆ ಕೊಡಿ.

ಪೆಟ್ರೋಲ್ ವಿಷಯದಲ್ಲಿ ಎರಡು ದಾರಿ. ಒಂದು ವರ್ಷದೊಳಗಾದರೆ, ಗಾಡಿಯನ್ನು ಚೀಲದಲ್ಲಿ ಮುಚ್ಚುವುದಿಲ್ಲವಾದರೆ, ಸ್ಟೆಬಿಲೈಸರ್ (ಪೆಟ್ರೋಲ್ ಬೇಗ ಕೆಡದಂತೆ ಬೆರೆಸುವ ದ್ರವ) ಹಾಕಿ ಟ್ಯಾಂಕ್ ತುಂಬಿಸಿಡಬಹುದು. ಖಾಲಿ ಜಾಗ ಕಡಿಮೆಯಾದಷ್ಟು ಟ್ಯಾಂಕಿನೊಳಗೆ ಬೆವರುವುದೂ ಕಡಿಮೆ. ಅದಕ್ಕಿಂತ ಹೆಚ್ಚಾದರೆ ಪೂರ್ತಿ ಖಾಲಿ ಮಾಡಿ. ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರಿ, ಒಂದು ಹಂತ ದಾಟಿದ ಮೇಲೆ ನೀರು ಮತ್ತು ಎಥನಾಲ್ ಬೇರೆಯಾಗಿ ತಳ ಸೇರುತ್ತವೆ. ಕಬ್ಬಿಣದ ಟ್ಯಾಂಕ್ ತೂತಾಗುವುದು ಆ ತಳದಿಂದ. ಖಾಲಿ ಕಬ್ಬಿಣದ ಟ್ಯಾಂಕಿನ ಒಳಮೈಗೆ ವಿಸಿಐ ಎಣ್ಣೆ ಹೊರಳಿಸಿ ಮುಚ್ಚಬೇಕು.

ಹಾಗಾದರೆ ಯಾರಿಗೆ ಯಾವುದು?

ಒಣ ಹವೆ, ಗಟ್ಟಿ ಸೂರು, ಕೈಯಲ್ಲಿ ದುಡ್ಡು ಕಡಿಮೆ: ಪೊಳ್ಳುಗಳಿಗೆ ಮೇಣ, ಮೇಲೆ ಬಟ್ಟೆ ಕವರ್, ಗಾಳಿಯಾಡುವ ಕೋಣೆ. ಇದು ಬಡವರ ಪರಿಹಾರ ಅಂತ ಅಂದುಕೊಳ್ಳಬೇಡಿ. ಅಮೆರಿಕದ ಅರಿಜೋನಾದ ಟೂಸಾನ್ ಬಳಿ ವಾಯುಪಡೆಯ ವಿಮಾನಗಳನ್ನು ವರ್ಷಗಟ್ಟಲೆ ಬಯಲಿನಲ್ಲೇ ನಿಲ್ಲಿಸುತ್ತಾರೆ. ಅಲ್ಲಿನ ಮರುಭೂಮಿಯ ಒಣ ಗಾಳಿಯೇ ಅರ್ಧ ಕೆಲಸ ಮಾಡುತ್ತದೆ. ಒಣ ಊರಿನಲ್ಲಿ ನೆಂಟರ ಮನೆಯ ಶೆಡ್ ಇದ್ದರೆ, ತೇವದ ಊರಿನಲ್ಲಿ ಯಂತ್ರ ಕೊಳ್ಳುವ ಬದಲು ಗಾಡಿಯನ್ನೇ ಅಲ್ಲಿಗೆ ಸಾಗಿಸುವುದು ಅಗ್ಗವಾಗಬಹುದು.

ಕರಾವಳಿ, ಮಳೆನಾಡು, ನಂಬಲಾಗದ ಕರೆಂಟ್, ವರ್ಷಕ್ಕೆ ಒಂದೆರಡು ಸಲ ಮಾತ್ರ ಭೇಟಿ: ಚೀಲ ಬಿಟ್ಟರೆ ಬೇರೆ ದಾರಿ ಕಾಣೆ. ಇಲಿ ಹೊಗದ ಕೋಣೆಯೇ ಅಲ್ಲಿ ಮೊದಲ ಖರ್ಚು.

ಮನೆಯಲ್ಲೇ ಇರುವವರು, ಹಲವು ಗಾಡಿ ಇರುವವರು, ನಿಧಾನವಾಗಿ ರಿಸ್ಟೋರ್ ಮಾಡುತ್ತಿರುವವರು ಡಿಹ್ಯುಮಿಡಿಫೈಯರ್ ತರಲಿ, ಸಂದು ಮುಚ್ಚಿದ ಮೇಲೆ. ಹವೆ ಸಾಧಾರಣ, ಏರಿಳಿತ ಜಾಸ್ತಿ, ವರ್ಷಕ್ಕೆ ನಾಲ್ಕಾರು ಸಲ ಗಾಡಿ ಹೊರತೆಗೆಯುವವರಿಗೆ ಗಾಳಿಗುಡಾರ.

ಸೂರೇ ಇಲ್ಲದವರಿಗೆ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಬಯಲಿನಲ್ಲಿ ಐದು ವರ್ಷ ಕಾಪಾಡುವ ಕವರ್ ಇಲ್ಲ. ಬಾಡಿಗೆಗೆ ಒಂದು ಕೋಣೆ ಹಿಡಿಯಿರಿ, ಇಲ್ಲವೇ ನಂಬಿಕೆಯ ಒಬ್ಬರಿಗೆ ಓಡಿಸಲು ಕೊಡಿ. ಓಡುವ ಗಾಡಿ ಸವೆಯುತ್ತದೆ, ನಿಜ, ಆದರೆ ನಿಂತು ಕೊಳೆಯುವುದಕ್ಕಿಂತ ಸವೆದದ್ದನ್ನು ಸರಿಮಾಡುವುದು ಅಗ್ಗ.

ಬೈಕಿನವರ ಪ್ರಶ್ನೆ ಎಲ್ಲಕ್ಕಿಂತ ಸುಲಭ. ಚೀಲ ಚಿಕ್ಕದು, ಒಂದೆರಡು ಕಿಲೋ ಜೆಲ್ ಸಾಕು, ಮನೆಯೊಳಗಿನ ಒಂದು ಮೂಲೆಯಲ್ಲೇ ನಿಲ್ಲಿಸಬಹುದು. ಎರಡೂ ಚಕ್ರ ನೆಲ ಬಿಟ್ಟಿರಲಿ, ಚೈನಿಗೆ ಮೇಣ ಹಚ್ಚಿ, ಕಾರ್ಬ್ಯುರೇಟರ್ ಇದ್ದರೆ ಅದರ ಬಟ್ಟಲನ್ನೂ ಖಾಲಿ ಮಾಡಿ. ಸೈಲೆನ್ಸರ್ ಬಾಯಿಗೆ, ಏರ್ ಫಿಲ್ಟರಿಗೆ ಬಟ್ಟೆ ತುರುಕಿ, ಆ ಬಟ್ಟೆಗೆ ಉದ್ದನೆಯ ಕೆಂಪು ಪಟ್ಟಿ ಕಟ್ಟಿ ಹೊರಗೆ ನೇತಾಡಿಸಿ. ಮೂರು ವರ್ಷದ ಮೇಲೆ ಅದು ಒಳಗಿರುವುದು ನಿಮಗಂತೂ ನೆನಪಿರುವುದಿಲ್ಲ.